ದುಡಿಯುತ್ತಲೇ ಸಪ್ಲೈ ಚೈನ್ ಕಲಿಯುವುದು ಹೇಗೆ: ಕಾಲೇಜಿನ ಕೆಲಸ-ಓದು ಯೋಜನೆಗೆ ಸೇರುವವರಿಗೆ ಸಮಗ್ರ ಮಾರ್ಗದರ್ಶಿ

ಸಪ್ಲೈ ಚೈನ್ ಅಂದರೆ ಸರಕು ತರಿಸುವುದು, ಇಡುವುದು, ಗಿರಾಕಿಗೆ ತಲುಪಿಸುವುದು, ಈ ಇಡೀ ಸರಪಳಿ. ಕೋರ್ಸು ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ವರದಿ ತಂದು ತೋರಿಸುತ್ತಾರೆ. ಆರು ತಿಂಗಳೋ ಒಂದು ವರ್ಷವೋ ಗೋದಾಮಿನಲ್ಲಿ, ಕಾರ್ಖಾನೆಯಲ್ಲಿ ದುಡಿದಿರುತ್ತಾರೆ. ವರದಿಯಲ್ಲಿ ಮಾತ್ರ ಕಂಪನಿಯ ಪರಿಚಯ, ಪುಸ್ತಕದ ಸೂತ್ರಗಳು, ನಾಲ್ಕು ಫೋಟೊ. "ನಿಮ್ಮಲ್ಲಿ ಒಂದು ಲಾರಿ ಸರಾಸರಿ ಎಷ್ಟು ಹೊತ್ತು ನಿಲ್ಲುತ್ತಿತ್ತು?" ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ಇವರು ಸೋಮಾರಿಗಳಲ್ಲ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಶಿಫ್ಟು, ರಾತ್ರಿ ಅಸೈನ್‌ಮೆಂಟು ಅಂತ ನಿಜವಾಗಿ ಕಷ್ಟಪಟ್ಟವರು. ಎಡವಿದ್ದು ಕ್ರಮದಲ್ಲಿ. ಕೆಲಸವನ್ನು ಒಂದು ಕಡೆ, ಓದನ್ನು ಇನ್ನೊಂದು ಕಡೆ ಇಟ್ಟುಕೊಂಡು, ಕೊನೆಯ ತಿಂಗಳಲ್ಲಿ ಎರಡನ್ನೂ ಸೇರಿಸಿ ಹೊಲಿಯಲು ಕೂರುತ್ತಾರೆ. ಅಷ್ಟು ಹೊತ್ತಿಗೆ ಹೊಲಿಯಲು ಬಟ್ಟೆಯೇ ಉಳಿದಿರುವುದಿಲ್ಲ. ನೋಡಿದ್ದನ್ನು ಬರೆದಿಟ್ಟಿಲ್ಲ, ಅಳೆಯಬೇಕಾದದ್ದನ್ನು ಅಳೆದಿಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ನಾಲ್ಕನೆಯದು ಕೈಗೂಡುವುದಿಲ್ಲ.

## ಮೊದಲು ಬೇಕಾದ ಸಾಮಾನು

ಜೇಬಿನಲ್ಲಿ ಹಿಡಿಸುವ, ಗಟ್ಟಿ ರಟ್ಟಿನ ನೋಟ್‌ಬುಕ್. ಎರಡು ಪೆನ್ನು. ಸೆಕೆಂಡ್ ಮುಳ್ಳಿರುವ ಕೈಗಡಿಯಾರ, ಏಕೆಂದರೆ ಎಷ್ಟೋ ಗೋದಾಮುಗಳಲ್ಲಿ ಒಳಗೆ ಫೋನ್ ಒಯ್ಯಲು ಬಿಡುವುದಿಲ್ಲ. ಬೆರಳು ಮುಚ್ಚುವ ಗಟ್ಟಿ ಶೂ. ಮನೆಯಲ್ಲೋ ಕಾಲೇಜಿನಲ್ಲೋ ಎಕ್ಸೆಲ್ ಅಥವಾ ಅಂಥದ್ದೇ ಒಂದು ಸ್ಪ್ರೆಡ್‌ಶೀಟ್. ಶುರುಮಾಡಲು ಇಷ್ಟೇ ಸಾಕು. ದುಬಾರಿ ಸಾಫ್ಟ್‌ವೇರ್ ಕೋರ್ಸಿಗೆ ಈಗಲೇ ಹಣ ಕಟ್ಟಬೇಡಿ.

## 1ನೇ ಹಂತ: ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕೆಲಸ-ಓದು ಯೋಜನೆಗಳಲ್ಲಿ ಎರಡು ಬಗೆ. ಒಂದರಲ್ಲಿ ಓದೂ ಕೆಲಸವೂ ಜೊತೆಯಾಗಿ ನಡೆಯುತ್ತವೆ, ದಿನಕ್ಕೆ ಕೆಲವು ಗಂಟೆ ಅಥವಾ ವಾರಕ್ಕೆ ಎರಡು ಮೂರು ದಿನ ಕೆಲಸ. ಇನ್ನೊಂದರಲ್ಲಿ ಒಂದು ಅವಧಿ ಪೂರ್ತಿ ಕ್ಲಾಸು, ಮುಂದಿನ ಅವಧಿ ಪೂರ್ತಿ ಕೆಲಸ. ಮೊದಲ ಬಗೆಯಲ್ಲಿ ಸುಸ್ತು ಜಾಸ್ತಿ. ಎರಡನೆಯದರಲ್ಲಿ ಮರೆವು ಜಾಸ್ತಿ. ನಿಮ್ಮದು ಯಾವುದು ಎಂದು ಮೊದಲೇ ತಿಳಿದುಕೊಳ್ಳಿ.

ಆಮೇಲೆ ಇವನ್ನು ನೇರವಾಗಿ ಕೇಳಿ. ಕಂಪನಿಯಲ್ಲಿ ನನಗೆ ಮಾರ್ಗದರ್ಶಿ ಯಾರು, ಹೆಸರೇನು? ಯಾವ ವಿಭಾಗದಲ್ಲಿ ಎಷ್ಟು ತಿಂಗಳು ಇರುತ್ತೇನೆ? ಪರೀಕ್ಷೆಯ ವಾರಗಳಲ್ಲಿ ಶಿಫ್ಟು ಕಡಿಮೆ ಮಾಡುತ್ತಾರಾ? ವರದಿಗೆ ಯಾವ ಅಂಕಿಅಂಶ ಬಳಸಬಹುದು? ಕಾಲೇಜು ಅಂಕ ಕೊಡುವುದು ದುಡಿದ ಗಂಟೆಗೋ, ವರದಿಗೋ?

"ಬಂದ ಮೇಲೆ ನೋಡೋಣ" ಎಂಬ ಉತ್ತರ ಒಂದು ಪ್ರಶ್ನೆಗೆ ಬಂದರೆ ಪರವಾಗಿಲ್ಲ. ಎಲ್ಲದಕ್ಕೂ ಅದೇ ಬಂದರೆ ಅವರಿಗೆ ಬೇಕಿರುವುದು ವಿದ್ಯಾರ್ಥಿಯಲ್ಲ, ಎರಡು ಕೈ. ಮಾರ್ಗದರ್ಶಿಯ ಹೆಸರು ಮತ್ತು ಅಂಕಿಅಂಶದ ಅನುಮತಿ, ಇವೆರಡನ್ನಾದರೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆರು ತಿಂಗಳ ನಂತರ ಮ್ಯಾನೇಜರ್ ಬದಲಾದಾಗ ಆ ಇಮೇಲ್ ನಿಮ್ಮ ಕೈ ಹಿಡಿಯುತ್ತದೆ.

## 2ನೇ ಹಂತ: ಮೊದಲ ಎರಡು ವಾರ ಒಂದು ಪೆಟ್ಟಿಗೆಯ ಹಿಂದೆ ನಡೆಯಿರಿ

ಸೇರಿದ ಕೂಡಲೇ ಸುಧಾರಣೆಯ ಸಲಹೆ ಕೊಡಲು ಹೋಗಬೇಡಿ. ಯಾವುದಾದರೂ ಒಂದು ಸರಕು ಆರಿಸಿಕೊಳ್ಳಿ. ಅದು ಗೇಟಿನಲ್ಲಿ ಬಂದು ಇಳಿದಲ್ಲಿಂದ ಮತ್ತೆ ಲಾರಿ ಹತ್ತುವವರೆಗೆ ಹಿಂಬಾಲಿಸಿ. ಪರ್ಚೇಸ್ ಆರ್ಡರ್ ಯಾರು ಹಾಕಿದರು, ಲಾರಿ ಯಾವಾಗ ಬಂತು, ಇಳಿಸಿದ್ದು ಯಾವಾಗ, ಎಣಿಸಿ ಪರೀಕ್ಷೆ ಮಾಡಿದ್ದು ಯಾರು, ಸಿಸ್ಟಮ್‌ಗೆ ಹಾಕಿದ್ದು ಯಾರು, ಯಾವ ರ‍್ಯಾಕ್‌ಗೆ ಹೋಯಿತು, ಆರ್ಡರ್ ಬಂದಾಗ ಯಾರು ತೆಗೆದರು, ಯಾರು ಪ್ಯಾಕ್ ಮಾಡಿದರು. ಪ್ರತಿ ಜಾಗದಲ್ಲೂ ಮೂರು ಸಂಗತಿ ಬರೆಯಿರಿ: ಯಾರು ಮುಟ್ಟಿದರು, ಯಾವ ಕಾಗದ ಅಥವಾ ಸ್ಕ್ಯಾನ್ ಆಯಿತು, ಎಷ್ಟು ಹೊತ್ತು ಸುಮ್ನೆ ಬಿದ್ದಿತ್ತು.

ಈ ಮೂರನೆಯದೇ ಮುಖ್ಯ. ಕೆಲಸ ನಡೆಯುವ ಹೊತ್ತಿಗಿಂತ ಸರಕು ಕಾಯುತ್ತಾ ಬಿದ್ದಿರುವ ಹೊತ್ತೇ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಕ್ಲಾಸಿನ ಚಿತ್ರದಲ್ಲಿ ಬಾಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೆಲದ ಮೇಲೆ ಆ ಬಾಣಗಳ ನಡುವೆ ಒಂದು ರಾತ್ರಿ, ಒಂದು ವಾರಾಂತ್ಯ ಕೂತಿರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಆಫೀಸಿನ ಗೋಡೆಯ ಮೇಲಿರುವ ನಕ್ಷೆಯನ್ನೇ ನಕಲು ಮಾಡಿ ಬಿಡುತ್ತಾರೆ. ಅದು ಕೆಲಸ ಹೇಗೆ ನಡೆಯಬೇಕಿತ್ತು ಎಂದು ಹೇಳುತ್ತದೆ. ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಅನುಭವಸ್ಥರ ಬಳಿ ಹೋಗಿ, "ಇವತ್ತು ಸಿಸ್ಟಮ್ ನಿಂತು ಹೋದರೆ ಏನು ಮಾಡ್ತೀರಿ?" ಎಂದು ಕೇಳಿ ನೋಡಿ. ಆ ಉತ್ತರದಲ್ಲಿ ನಿಜವಾದ ನಕ್ಷೆ ಸಿಗುತ್ತದೆ.

ಸುರಕ್ಷತೆಯ ಮಾತೂ ಇಲ್ಲೇ ಹೇಳಬೇಕು. ಫೋರ್ಕ್‌ಲಿಫ್ಟ್ (ಸರಕು ಎತ್ತಿ ಸಾಗಿಸುವ ಗಾಡಿ) ಓಡಾಡುವ ದಾರಿಯಲ್ಲಿ ನಿಂತು ನೋಟ್ಸ್ ಬರೆಯಬೇಡಿ. ಎತ್ತಿದ ಪ್ಯಾಲೆಟ್ (ಪೆಟ್ಟಿಗೆ ಜೋಡಿಸುವ ಹಲಗೆ) ಕೆಳಗೆ ಕಾಲಿಡಬೇಡಿ. ತರಬೇತಿ, ಅನುಮತಿ ಇಲ್ಲದೆ "ಐದು ನಿಮಿಷ ಓಡಿಸು" ಎಂದು ಯಾರೇ ಹೇಳಿದರೂ ಫೋರ್ಕ್‌ಲಿಫ್ಟ್ ಹತ್ತಬೇಡಿ.

## 3ನೇ ಹಂತ: ಎಣಿಸಿ, ಹೊತ್ತು ಅಳೆಯಿರಿ

ಈ ಇಡೀ ಬರಹದಲ್ಲಿ ಒಂದೇ ಹಂತ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಶುರು ಮಾಡುವ ಮುನ್ನ ಜನರ ಜೊತೆ ಮಾತಾಡಿ. ಗಡಿಯಾರ, ಪುಸ್ತಕ ಹಿಡಿದು ಯಾರೋ ಪಕ್ಕದಲ್ಲಿ ನಿಂತರೆ ದುಡಿಯುವವರಿಗೆ ಭಯವಾಗುತ್ತದೆ. ಅದು ಸಹಜ. ತಮ್ಮ ಕೆಲಸಕ್ಕೆ ಕುತ್ತು ಬಂತೇನೋ ಅಂದುಕೊಳ್ಳುತ್ತಾರೆ. "ನಾನು ಅಳೆಯುವುದು ಕೆಲಸವನ್ನು, ನಿಮ್ಮನ್ನಲ್ಲ. ಪುಸ್ತಕದಲ್ಲಿ ಯಾರ ಹೆಸರೂ ಇರುವುದಿಲ್ಲ" ಎಂದು ಹೇಳಿ, ಬರೆದದ್ದನ್ನು ತೋರಿಸಿ. ನಾನು ಹೊಸಬನಾಗಿದ್ದಾಗ ಹೇಳದೆ ಕೇಳದೆ ಮೂಲೆಯಲ್ಲಿ ನಿಂತು ಹೊತ್ತು ಅಳೆದೆ. ಎರಡೇ ದಿನಕ್ಕೆ ಎಲ್ಲರೂ ನನ್ನ ಜೊತೆ ಮಾತು ಬಿಟ್ಟರು. ನಾನು ಬರೆದುಕೊಂಡ ಅಂಕಿಗಳೂ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ನನ್ನನ್ನು ಕಂಡ ಕೂಡಲೇ ಅವರು ಬೇರೆ ರೀತಿ ಕೆಲಸ ಮಾಡುತ್ತಿದ್ದರು.

ಒಂದು ಕೆಲಸವನ್ನು ಒಮ್ಮೆ ಅಳೆದರೆ ಸಾಲದು. ಕನಿಷ್ಠ ಹತ್ತು ಸಲ ಅಳೆಯಿರಿ, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ದಿನ. ಸರಾಸರಿಯ ಜೊತೆ ಅತಿ ಕಡಿಮೆ ಮತ್ತು ಅತಿ ಹೆಚ್ಚು ಎಷ್ಟು ಎಂಬುದನ್ನೂ ಬರೆಯಿರಿ. ಎಷ್ಟೋ ಸಲ ಕಥೆ ಇರುವುದು ಆ ಅಂತರದಲ್ಲೇ.

ಲಾರಿಗಳ ಲೆಕ್ಕಕ್ಕೆ ಲಿಟಲ್ ನಿಯಮ ಬಳಸಿ. ಒಳಗೆ ಇರುವ ಸರಾಸರಿ ಸಂಖ್ಯೆ ಎಂದರೆ ಗಂಟೆಗೆ ಬರುವ ಸಂಖ್ಯೆಯನ್ನು ಪ್ರತಿಯೊಂದೂ ಒಳಗೆ ಕಳೆಯುವ ಸರಾಸರಿ ಗಂಟೆಯಿಂದ ಗುಣಿಸಿದ್ದು. ಅಂಗಳದಲ್ಲಿ ಸರಾಸರಿ 15 ಲಾರಿ ಇವೆ, ಗಂಟೆಗೆ 5 ಬಂದು 5 ಹೋಗುತ್ತವೆ ಎಂದುಕೊಳ್ಳಿ. ಹಾಗಾದರೆ ಒಂದು ಲಾರಿ ಸರಾಸರಿ 3 ಗಂಟೆ ನಿಲ್ಲುತ್ತಿದೆ. ಸೂಪರ್‌ವೈಸರ್ "ನಾವು ಒಂದೇ ಗಂಟೆಯಲ್ಲಿ ಇಳಿಸ್ತೀವಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಇಳಿಸುವುದು ಒಂದು ಗಂಟೆ, ಸರದಿಯಲ್ಲಿ ಕಾಯುವುದು ಎರಡು ಗಂಟೆ. ಲಾರಿ ಮುಗಿಬೀಳುವ ಹೊತ್ತಿನಲ್ಲಿ ಮಾತ್ರ ಎಣಿಸಿದರೆ ಈ ಲೆಕ್ಕ ದಾರಿ ತಪ್ಪಿಸುತ್ತದೆ. ಇಡೀ ದಿನದ ಸರಾಸರಿ ಬೇಕು.

ಸ್ಟಾಕ್ ಎಣಿಸುವುದಾದರೆ ಎರಡೂ ಕಡೆಯಿಂದ ಎಣಿಸಿ. ಸಿಸ್ಟಮ್‌ನಿಂದ 50 ಜಾಗ ಆರಿಸಿಕೊಂಡು ನೆಲದ ಮೇಲೆ ಹೋಗಿ ನೋಡಿ. ಆಮೇಲೆ ನೆಲದ ಮೇಲೆ ಕಂಡ 50 ಸರಕು ಆರಿಸಿಕೊಂಡು ಸಿಸ್ಟಮ್‌ನಲ್ಲಿ ಹುಡುಕಿ. ಮೊದಲನೆಯದನ್ನು ಮಾತ್ರ ಮಾಡಿದರೆ, ರ‍್ಯಾಕ್‌ನಲ್ಲಿದ್ದೂ ಸಿಸ್ಟಮ್‌ನಲ್ಲಿ ಇಲ್ಲದ ಸರಕು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 50ರಲ್ಲಿ 43 ತಾಳೆಯಾದರೆ ನಿಖರತೆ 86%. ತಾಳೆಯಾಗದ ಏಳರ ಕಾರಣ ಹುಡುಕಲು ಕೂತರೆ ನಿಮಗೆ ಒಂದು ತಿಂಗಳ ಪಾಠ ಸಿಗುತ್ತದೆ.

## 4ನೇ ಹಂತ: ವಾರಕ್ಕೊಂದು ಪ್ರಶ್ನೆ

ಕ್ಲಾಸಿನಲ್ಲಿ ಆ ವಾರ ಕಲಿತದ್ದರಿಂದ ಒಂದೇ ಒಂದು ಪ್ರಶ್ನೆ ಬರೆದುಕೊಂಡು ಶಿಫ್ಟಿಗೆ ಹೋಗಿ. ವಾರದ ಕೊನೆಯಲ್ಲಿ ಉತ್ತರವನ್ನು ಅದೇ ಪುಟದಲ್ಲಿ ಬರೆಯಿರಿ. ಎರಡು ಪ್ರಶ್ನೆ ಬೇಡ. ಎರಡಾದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಒಂದು ಅವಧಿ ಕೆಲಸ, ಒಂದು ಅವಧಿ ಕ್ಲಾಸು ಇರುವವರು ಕ್ಲಾಸಿನ ತಿಂಗಳುಗಳಲ್ಲೇ ಪ್ರಶ್ನೆಗಳನ್ನು ಕೂಡಿಟ್ಟುಕೊಂಡು ಹೋಗಬೇಕು.

ಉದಾಹರಣೆಗೆ, ಮತ್ತೆ ಆರ್ಡರ್ ಹಾಕುವ ಮಟ್ಟದ ಪಾಠ ತೆಗೆದುಕೊಳ್ಳೋಣ. ಸ್ಟಾಕ್ ಎಷ್ಟಕ್ಕೆ ಇಳಿದಾಗ ಹೊಸ ಆರ್ಡರ್ ಹಾಕಬೇಕು? ಪುಸ್ತಕದ ಉತ್ತರ: ಆರ್ಡರ್ ಹಾಕಿದಾಗಿನಿಂದ ಸರಕು ಬರುವವರೆಗಿನ ಅವಧಿ, ಅಂದರೆ ಲೀಡ್ ಟೈಮ್‌ನಲ್ಲಿ ಖರ್ಚಾಗುವಷ್ಟು, ಅದರ ಮೇಲೆ ಏರುಪೇರಿಗೆಂದು ಇಟ್ಟುಕೊಳ್ಳುವ ಸೇಫ್ಟಿ ಸ್ಟಾಕ್. ದಿನಕ್ಕೆ 40 ಪೆಟ್ಟಿಗೆ ಖರ್ಚಾಗುತ್ತವೆ, ಸರಕು ಬರಲು 6 ದಿನ. ಹಾಗಾಗಿ 240. ದಿನದ ಖರ್ಚಿನ ಏರಿಳಿತವನ್ನು ಅಳೆಯುವ ಸ್ಟ್ಯಾಂಡರ್ಡ್ ಡೀವಿಯೇಷನ್ 10 ಇದ್ದು, 95% ಸಲ ಸರಕು ಕೊರತೆಯಾಗಬಾರದು ಎಂದಿದ್ದರೆ ಸೇಫ್ಟಿ ಸ್ಟಾಕ್ 1.65 × 10 × (6ರ ವರ್ಗಮೂಲ). 1.65 ಎಂಬುದು 95%ಗೆ ಅಂಕಿಅಂಶದ ಕೋಷ್ಟಕ ಕೊಡುವ ಸಂಖ್ಯೆ. ಅಂದರೆ ಸುಮಾರು 40. ಒಟ್ಟು 280. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ.

ಈಗ ಗೇಟಿನ ರಿಜಿಸ್ಟರ್ ತೆರೆಯಿರಿ. ಸರಕು 6 ದಿನಕ್ಕೇ ಬರುತ್ತದೆಯೇ? ಒಮ್ಮೆ 4, ಒಮ್ಮೆ 9, ಒಮ್ಮೆ 5. ಲೀಡ್ ಟೈಮ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್ 2 ದಿನ ಎಂದು ಸಿಕ್ಕಿತು ಎಂದುಕೊಳ್ಳಿ. ಆಗ ಲೆಕ್ಕ ಬದಲಾಗುತ್ತದೆ. ಬೇಡಿಕೆಯ ಏರಿಳಿತದ ಪಾಲು 6 × 10 × 10 ಎಂದರೆ 600. ಲೀಡ್ ಟೈಮ್ ಏರಿಳಿತದ ಪಾಲು 40 × 40 × 2 × 2 ಎಂದರೆ 6,400. ಕೂಡಿದರೆ 7,000, ಅದರ ವರ್ಗಮೂಲ ಸುಮಾರು 83.7. ಅದನ್ನು 1.65ರಿಂದ ಗುಣಿಸಿದರೆ 138. ಸೇಫ್ಟಿ ಸ್ಟಾಕ್ 40 ಅಲ್ಲ, 138!

600 ಎಲ್ಲಿ, 6,400 ಎಲ್ಲಿ? ಕೊರತೆಗೆ ಗಿರಾಕಿಯ ಬೇಡಿಕೆ ಕಾರಣ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಲೆಕ್ಕ ಹೇಳುವುದು ಬೇರೆ: ಸಪ್ಲೈಯರ್ ಯಾವತ್ತು ಬರುತ್ತಾನೆ ಎಂದು ಗೊತ್ತಿಲ್ಲದಿರುವುದೇ ದೊಡ್ಡ ಕಾರಣ. ಕ್ಲಾಸಿನಲ್ಲಿ ಕೂತು ಈ 2 ದಿನ ಎಂಬ ಸಂಖ್ಯೆ ನಿಮಗೆ ಸಿಗುತ್ತಿರಲಿಲ್ಲ. ಗೋದಾಮಿನಲ್ಲಿ ಬರೀ ದುಡಿದಿದ್ದರೆ ಆ 2 ದಿನದ ಅರ್ಥ ಗೊತ್ತಾಗುತ್ತಿರಲಿಲ್ಲ. ಕೆಲಸ-ಓದು ಯೋಜನೆಯಲ್ಲಿ ಹುಡುಕಬೇಕಾದದ್ದು ಇಂಥ ಜಾಗಗಳನ್ನೇ.

ಇಒಕ್ಯೂ ಅಂದರೆ ಒಂದು ಸಲಕ್ಕೆ ಎಷ್ಟು ತರಿಸಬೇಕು ಎಂಬ ಲೆಕ್ಕ. ವರ್ಷದ ಬೇಡಿಕೆ 12,000, ಒಂದು ಆರ್ಡರ್‌ನ ಖರ್ಚು 50, ಒಂದು ಪೆಟ್ಟಿಗೆ ವರ್ಷ ಇಟ್ಟುಕೊಳ್ಳುವ ಖರ್ಚು 3 ಇದ್ದರೆ ಉತ್ತರ (2 × 12,000 × 50 ÷ 3)ರ ವರ್ಗಮೂಲ, ಅಂದರೆ ಸುಮಾರು 632. ಪ್ಯಾಲೆಟ್‌ಗೆ 48 ಪೆಟ್ಟಿಗೆ ಹಿಡಿದರೆ 632 ತರಿಸಿ ಒಂದು ಪ್ಯಾಲೆಟ್ ಅರೆಬರೆ ಇಡುವುದು ಬೇಡ, 13 ಪ್ಯಾಲೆಟ್ ಅಂದರೆ 624 ತರಿಸಿ. ಏನೂ ನಷ್ಟವಿಲ್ಲ. 20% ಜಾಸ್ತಿ ತರಿಸಿದರೂ ಈ ಎರಡು ಖರ್ಚುಗಳ ಮೊತ್ತ ಏರುವುದು 2%ಗಿಂತ ಕಡಿಮೆ. ದಶಾಂಶ ಸ್ಥಾನಕ್ಕೆ ಒದ್ದಾಡುವ ಬದಲು ಆ 50 ಮತ್ತು 3 ಎಲ್ಲಿಂದ ಬಂದವು ಎಂದು ಅಕೌಂಟ್ಸ್ ವಿಭಾಗದಲ್ಲಿ ಕೇಳಿ.

## 5ನೇ ಹಂತ: ಎಕ್ಸೆಲ್ ಮೊದಲು, ಇಆರ್‌ಪಿ ಆಮೇಲೆ

ಪಿವಟ್ ಟೇಬಲ್ (ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವುದು), ವಿಲುಕಪ್ (ಒಂದು ಪಟ್ಟಿಯಿಂದ ಮಾಹಿತಿ ಹುಡುಕಿ ಇನ್ನೊಂದಕ್ಕೆ ತರುವುದು), ದಿನಾಂಕಗಳ ನಡುವಿನ ಅಂತರ, ಇಷ್ಟು ಬಂದರೆ ಮೊದಲ ವರ್ಷದ ಬಹುಪಾಲು ಪ್ರಶ್ನೆಗಳಿಗೆ ಸಾಕು. ಇಆರ್‌ಪಿ (ಖರೀದಿ, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೆಡೆ ಇಡುವ ಕಂಪನಿಯ ಸಾಫ್ಟ್‌ವೇರ್) ಪರದೆಯಲ್ಲಿ ಯಾವ ಗುಂಡಿ ಎಲ್ಲಿದೆ ಎಂಬುದು ಕಂಪನಿ ಬದಲಾದರೆ ಬದಲಾಗುತ್ತದೆ. ಆ ಗುಂಡಿ ಒತ್ತಿದಾಗ ಯಾವ ಲೆಕ್ಕ ನಡೆಯುತ್ತದೆ ಎಂಬುದು ಬದಲಾಗುವುದಿಲ್ಲ.

ಒಂದು ಎಚ್ಚರ. ಸಿಸ್ಟಮ್‌ನಲ್ಲಿರುವ ಹೊತ್ತು ನಿಜವಾದ ಹೊತ್ತು ಎಂದು ನಂಬಬೇಡಿ. "ಸರಕು ಬಂದ ಸಮಯ" ಅಂತ ಇರುವುದು ಎಷ್ಟೋ ಕಡೆ ಗುಮಾಸ್ತರು ಟೈಪ್ ಮಾಡಿದ ಸಮಯ. ಲಾರಿ ಬೆಳಿಗ್ಗೆ 8ಕ್ಕೆ ಬಂದಿರುತ್ತದೆ, ಎಂಟ್ರಿ ಸಂಜೆ 4ಕ್ಕೆ ಆಗಿರುತ್ತದೆ. ಒಂದು ವಾರ ನಿಮ್ಮ ನೋಟ್‌ಬುಕ್ಕಿನ ಹೊತ್ತನ್ನೂ ಸಿಸ್ಟಮ್‌ನ ಹೊತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರನೇ ಹಂತ ಬಿಟ್ಟವರಿಗೆ ಈ ತಪ್ಪು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಸರಕನ್ನು ಮಹತ್ವಕ್ಕೆ ತಕ್ಕಂತೆ ಎ, ಬಿ, ಸಿ ಎಂದು ಮೂರು ಗುಂಪು ಮಾಡುವ ಎಬಿಸಿ ವಿಂಗಡಣೆಯಲ್ಲೂ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಬೆಲೆ ಜಾಸ್ತಿ ಇರುವ ಸರಕನ್ನು ಎ ಗುಂಪಿಗೆ ಹಾಕಿಬಿಡುತ್ತಾರೆ. ನೋಡಬೇಕಾದದ್ದು ಬೆಲೆಯನ್ನು ವರ್ಷದ ಬಳಕೆಯಿಂದ ಗುಣಿಸಿದ ಮೊತ್ತ. ವರ್ಷಕ್ಕೆ ಒಂದೇ ಹೋಗುವ ದುಬಾರಿ ಯಂತ್ರದ ಭಾಗಕ್ಕಿಂತ, ದಿನಾ ಸಾವಿರ ಹೋಗುವ ಅಗ್ಗದ ರಟ್ಟಿನ ಡಬ್ಬ ಮೇಲಿನ ಗುಂಪಿಗೆ ಬರಬಹುದು.

## 6ನೇ ಹಂತ: ವಿಭಾಗ ಬದಲಿಸಿ ಕೊಡಿ ಎಂದು ಕೇಳಿ

ಕೇಳದಿದ್ದರೆ ಯಾರೂ ಬದಲಿಸುವುದಿಲ್ಲ. ಸ್ಕ್ಯಾನರ್ ಹಿಡಿದು ಚುರುಕಾದ ವಿದ್ಯಾರ್ಥಿಯನ್ನು ಯಾವ ಸೂಪರ್‌ವೈಸರ್ ಬಿಟ್ಟುಕೊಡುತ್ತಾರೆ ಹೇಳಿ? ಮೂರು ತಿಂಗಳಾದ ಮೇಲೆ ಮಾರ್ಗದರ್ಶಿಯನ್ನು ಕಂಡು, "ಮೇಡಂ, ನನ್ನ ಜಾಗಕ್ಕೆ ಬರುವವರಿಗೆ ನಾನೇ ಕೆಲಸ ಕಲಿಸಿಕೊಡ್ತೀನಿ. ಖರೀದಿ ವಿಭಾಗದಲ್ಲಿ ಒಂದು ತಿಂಗಳು ಕೂರಲು ಅವಕಾಶ ಕೊಡಿ" ಎಂದು ಕೇಳಿ. ಜೊತೆಗೆ ಎರಡು ಪುಟದಲ್ಲಿ ನಿಮ್ಮ ಈಗಿನ ಕೆಲಸದ ಕ್ರಮ ಬರೆದು ಕೊಡಿ. ಹೀಗೆ ಕೇಳಿದವರಿಗೆ ಇಲ್ಲ ಎಂದದ್ದು ನಾನು ನೋಡಿದ್ದು ಕಡಿಮೆ.

ಖರೀದಿ ವಿಭಾಗಕ್ಕೆ ಹೋದಾಗ ಎರಡು ಕೆಲಸ ಮಾಡಿ. ಒಂದು, ಯಾವುದಾದರೂ ಒಂದು ಸರಕಿನ ವಾರವಾರದ ಮಾರಾಟವನ್ನೂ, ವಾರವಾರ ಸಪ್ಲೈಯರ್‌ಗೆ ಹಾಕಿದ ಆರ್ಡರನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ. ಮಾರಾಟದ ಗೆರೆ ಸಣ್ಣಗೆ ಅಲುಗಾಡುತ್ತಿರುತ್ತದೆ, ಆರ್ಡರ್‌ನ ಗೆರೆ ಬೆಟ್ಟ ಕಣಿವೆ ಹತ್ತಿ ಇಳಿಯುತ್ತಿದ್ದರೆ ಅದೇ ಬೇಡಿಕೆಯ ಸಣ್ಣ ಏರಿಳಿತ ಹಿಂದಕ್ಕೆ ಹೋಗುತ್ತಾ ದೊಡ್ಡದಾಗುವ ಬುಲ್‌ವಿಪ್. ಆರ್ಡರ್‌ಗಳ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಷನ್‌ನ ವರ್ಗ) ಅನ್ನು ಮಾರಾಟದ ವೇರಿಯನ್ಸ್‌ನಿಂದ ಭಾಗಿಸಿ. 1ಕ್ಕಿಂತ ಜಾಸ್ತಿ ಬಂದಷ್ಟೂ ನೀವೇ ಗಲಾಟೆಯನ್ನು ದೊಡ್ಡದು ಮಾಡಿ ಹಿಂದಕ್ಕೆ ತಳ್ಳುತ್ತಿದ್ದೀರಿ ಎಂದರ್ಥ. ಎರಡು, ಹೊರದೇಶದ ಸರಕಿದ್ದರೆ ಆರ್ಡರ್ ಮೇಲಿನ ಇನ್‌ಕೋಟರ್ಮ್ಸ್ (ಮಾರುವವರ, ಕೊಳ್ಳುವವರ ಹೊಣೆ ಹಂಚುವ ಮೂರಕ್ಷರದ ವ್ಯಾಪಾರ ಪದಗಳು) ಪದ ನೋಡಿ. 2020ರ ಆವೃತ್ತಿಯಲ್ಲಿ ಇಂಥ 11 ಪದಗಳಿವೆ. ದಾರಿಯಲ್ಲಿ ಸರಕು ಹಾಳಾದರೆ ಯಾರ ತಲೆಗೆ ಬರುತ್ತದೆ ಎಂದು ಆ ಮೂರಕ್ಷರ ಹೇಳುತ್ತದೆ.

ಸಾಗಣೆ ವಿಭಾಗದಲ್ಲಿ ಒಂದು ವಾರ ಸಿಕ್ಕರೂ ಸಾಕು. ಲಾರಿ ಎಷ್ಟು ತುಂಬಿ ಹೋಗುತ್ತದೆ, ಖಾಲಿ ಎಷ್ಟು ಬರುತ್ತದೆ ಎಂದು ಎಣಿಸಿ.

## 7ನೇ ಹಂತ: ಪರೀಕ್ಷೆಯೂ ಒತ್ತಡದ ದಿನಗಳೂ ಒಟ್ಟಿಗೆ ಬಂದಾಗ

ಮಾರಾಟ ಏರುವ ತಿಂಗಳುಗಳಲ್ಲೇ ಪರೀಕ್ಷೆಯೂ ಬೀಳುವುದುಂಟು. ಅವಧಿಯ ಮೊದಲ ವಾರದಲ್ಲೇ ಎರಡೂ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು, ಘರ್ಷಣೆಯಾಗುವ ವಾರಗಳನ್ನು ಕೆಂಪು ಮಾಡಿ. ಆರು ವಾರ ಮುಂಚೆಯೇ ರಜೆ ಅಥವಾ ಶಿಫ್ಟ್ ಬದಲಾವಣೆ ಕೇಳಿ. ಹಿಂದಿನ ದಿನ ಕೇಳಿದರೆ ಸೂಪರ್‌ವೈಸರ್ ಮನಸ್ಸು ಮಾಡಿದರೂ ಕೊಡಲಾಗುವುದಿಲ್ಲ. ಕ್ಲಾಸುಗಳ ಜೊತೆಯಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯಲು ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ನಿದ್ದೆಗೆಟ್ಟು ಗೋದಾಮಿಗೆ ಹೋಗುವುದು ಅಪಾಯವೂ ಹೌದು, ಅಲ್ವಾ?

## 8ನೇ ಹಂತ: ಒಂದೇ ಒಂದು ಸಣ್ಣ ಸುಧಾರಣೆ

"ಇಡೀ ಸಪ್ಲೈ ಚೈನ್ ಸುಧಾರಣೆ" ಎಂಬ ಪ್ರಾಜೆಕ್ಟ್ ಬೇಡ. ಒಂದು ಮೇಜು, ಒಂದು ಸಾಲು, ಒಂದು ಸರಕು ಹಿಡಿಯಿರಿ. ಬದಲಾವಣೆಗೆ ಮುನ್ನ ಎರಡು ವಾರ ಅಳೆಯಿರಿ. ಬದಲಾವಣೆ ಮಾಡಿ. ಮತ್ತೆ ಎರಡು ವಾರ ಅದೇ ರೀತಿ ಅಳೆಯಿರಿ. ನಡುವೆ ಇನ್ನೇನನ್ನೂ ಬದಲಿಸಬೇಡಿ. ಒಬ್ಬ ವಿದ್ಯಾರ್ಥಿನಿ ಹೆಚ್ಚು ಹೋಗುವ 20 ಸರಕುಗಳನ್ನು ಪ್ಯಾಕಿಂಗ್ ಮೇಜಿನ ಹತ್ತಿರದ ರ‍್ಯಾಕ್‌ಗೆ ತಂದಳು, ಅಷ್ಟೇ. ಮೊದಲೂ ಆಮೇಲೂ ಹೆಜ್ಜೆ ಎಣಿಸಿದ್ದಳು. ಅವಳ ವರದಿಯಲ್ಲಿ ಯಾರೂ ಅಲ್ಲಗಳೆಯಲಾಗದ ಒಂದು ಸಂಖ್ಯೆ ಇತ್ತು.

ಮೊದಲಿನ ಅಳತೆ ಇಲ್ಲದೆ ಬದಲಾವಣೆ ಮಾಡಿದರೆ ಆಮೇಲಿನ ಅಳತೆಗೆ ಬೆಲೆಯಿಲ್ಲ. ಈ ತಪ್ಪನ್ನು ಸರಿಪಡಿಸಲು ಮತ್ತೆ ಅವಕಾಶವೂ ಸಿಗುವುದಿಲ್ಲ.

## ಈ ಲಕ್ಷಣಗಳು ಕಂಡರೆ ಎಚ್ಚರ

ನೋಟ್‌ಬುಕ್‌ನಲ್ಲಿ ಮೂರು ವಾರದಿಂದ ಹೊಸ ಪುಟ ಇಲ್ಲ ಅಂದರೆ ನೀವು ಕಲಿಯುವುದು ನಿಂತಿದೆ, ದುಡಿಯುವುದು ಮಾತ್ರ ನಡೆದಿದೆ. ನಾಲ್ಕು ತಿಂಗಳಾದರೂ ಅದೇ ಮೇಜು, ಅದೇ ಕೆಲಸ ಎಂದರೆ ಕಾಲೇಜಿನ ಮೇಲ್ವಿಚಾರಕರಿಗೆ ಲಿಖಿತವಾಗಿ ತಿಳಿಸಿ. ಮಾರ್ಗದರ್ಶಿ ತಿಂಗಳಿಗೊಮ್ಮೆ ಅರ್ಧ ಗಂಟೆಯೂ ಕೊಡದಿದ್ದರೆ ಸುಮ್ನಿರಬೇಡಿ, ಬೇರೊಬ್ಬರನ್ನು ಕೊಡಿ ಎಂದು ಕೇಳಿ. ದುಡಿದ ಗಂಟೆಗೂ ಹಾಜರಿ ಪುಸ್ತಕಕ್ಕೂ ತಾಳೆಯಾಗದಿದ್ದರೆ ಅದೇ ವಾರ ಕೇಳಿ. ನಿಮ್ಮ ಗಂಟೆಗಳನ್ನು ನೀವೂ ಬರೆದಿಡಿ. ಎಣಿಸದೆಯೇ "ಎಣಿಸಿದೆ" ಎಂದು ಸಹಿ ಹಾಕು ಎಂದರೆ ಹಾಕಬೇಡಿ. ತಪ್ಪಿನ ದಿನ ಆ ಸಹಿ ಮಾತ್ರ ಉಳಿಯುತ್ತದೆ.

## 9ನೇ ಹಂತ: ವರದಿ

ಒಂಬತ್ತು ತಿಂಗಳ ನೋಟ್‌ಬುಕ್ ಇದ್ದರೆ ವರದಿ ಬರೆಯಲು ಎರಡು ವಾರ ಸಾಕು. ಕಂಪನಿಯ ಪರಿಚಯ ಅರ್ಧ ಪುಟ. ಆಮೇಲೆ ನೇರವಾಗಿ ಒಂದು ಪ್ರಶ್ನೆ, ಅದನ್ನು ಹೇಗೆ ಅಳೆದಿರಿ, ಏನು ಸಿಕ್ಕಿತು, ಪುಸ್ತಕದ ಲೆಕ್ಕಕ್ಕೂ ಅದಕ್ಕೂ ಎಲ್ಲಿ ವ್ಯತ್ಯಾಸ ಬಂತು, ಏಕೆ. ಫಲ ಕೊಡದೇ ಹೋದ ಪ್ರಯತ್ನವನ್ನೂ ಬರೆಯಿರಿ. ಗಿರಾಕಿಗಳ ಹೆಸರು, ಸಪ್ಲೈಯರ್ ಬೆಲೆ, ಕೆಲಸಗಾರರ ಹೆಸರು ತೆಗೆದುಹಾಕಿ. ಕಂಪನಿಯ ಫೈಲ್‌ಗಳನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವ ಮುನ್ನ ಅನುಮತಿ ಕೇಳಿ. ಇದೊಂದು ಅಜಾಗರೂಕತೆಯಿಂದ ಕೆಲಸ ಕಳೆದುಕೊಂಡವರಿದ್ದಾರೆ.

ವರದಿ ಮುಗಿದ ಮೇಲೆ ಅದನ್ನು ಮೊದಲು ಕಾಲೇಜಿಗೆ ಕೊಡಬೇಡಿ. ಪ್ರಿಂಟ್ ತೆಗೆದುಕೊಂಡು ಗೋದಾಮಿಗೆ ಹೋಗಿ. ಯಾರ ಕೆಲಸದ ಬಗ್ಗೆ ಬರೆದಿದ್ದೀರೋ ಅವರ ಪಕ್ಕ ಊಟದ ಬಿಡುವಿನಲ್ಲಿ ಕೂತು ಓದಿ ಹೇಳಿ. "ಇದು ಹಾಗಲ್ಲಪ್ಪ, ಮಳೆ ಬಂದ ದಿನ ನಾವು ಆ ಬಾಗಿಲು ಬಳಸುವುದೇ ಇಲ್ಲ" ಎನ್ನುತ್ತಾರೆ. ಅದನ್ನು ತಿದ್ದಿ, ಆಮೇಲೆ ಕೊಡಿ.